ಹತ್ತೊಂಬತ್ತು ಮಂದಿ ಜೋಜಪ್ಪ

ತಾಳವಾಡಿಯಿಂದ ಸೂಜಿಕಲ್ಲಿಗೆ ದಿನಕ್ಕೆ ಎರಡೇ ಬಸ್ಸು.
ಬೆಳಗಿನದರಲ್ಲಿ ಬಂದವಳು ಸಂಜೆಯದರಲ್ಲಿ ಇಳಿದುಹೋಗಬೇಕು,
ಅಷ್ಟರೊಳಗೆ ಮುತ್ತಾತನನ್ನು ಹುಡುಕಿಕೊಡಿ ಅನ್ನುತ್ತಾಳೆ.

ಹೆಸರು ಲೂರ್ದಮೇರಿ. ತಿರುಪ್ಪೂರಿನ ಕಂಪನಿಯಲ್ಲಿ
ದಿನಕ್ಕೆ ಆರುನೂರು ಕಾಲರ್ ಹೊಲಿಯುವ ಕೈ.
ಒಂದೂವರೆ ಎಕರೆ ಬೆಳ್ಳುಳ್ಳಿ ಹೊಲಕ್ಕೆ
ತಾಲ್ಲೂಕು ಕಚೇರಿ ನಾಲ್ಕು ತಲೆಯ ಸಾಕ್ಷಿ ಕೇಳಿದೆ,
ತಮಿಳಿನಲ್ಲಿ, ಮೂರು ಪ್ರತಿ.

ನಾನು ಈ ಗುಡಿಯ ಉಪದೇಶಿ.
ಗಂಟೆ ಹೊಡೆಯುತ್ತೇನೆ, ಪೀಠದ ಮೇಣ ಕೆರೆಯುತ್ತೇನೆ,
ಫಾದರ್ ಬಾರದ ಭಾನುವಾರ ಜಪ ಹೇಳಿಸುತ್ತೇನೆ.
ಪುಸ್ತಕ ನೋಡುವುದು ಅಪ್ಪ ಕಲಿಸಿದ್ದು.
ಅಪ್ಪನಿಗೂ ಲತೀನು ಬರುತ್ತಿರಲಿಲ್ಲ,
ಕತ್ತಲಲ್ಲಿ ನಮ್ಮ ದನ ಯಾವುದೆಂದು ತಿಳಿಯುವ ಹಾಗೆ ಓದುತ್ತಿದ್ದ:
ನಾಟುಸ್ ಅಂದರೆ ಬಂತು, ಒಬಿಯಿತ್ ಅಂದರೆ ಹೋಯಿತು,
ಇಷ್ಟು ಗೊತ್ತಿದ್ದರೆ ಊರು ನಡೆಸಬಹುದು ಕಣ್ಲಾ.

ಕೆಂಪು ಪೀಠವಸ್ತ್ರ ಬಿಚ್ಚಿದರೆ
ಮೊದಲ ಮೂವತ್ತು ಹಾಳೆ ಒಂದೇ ಇಟ್ಟಿಗೆ.
ಆಮೇಲಿನವು ತೆರೆಯುತ್ತವೆ, ಗೆದ್ದಲಿನ ಓಣಿಗಳ ಸಮೇತ.
ಫ್ರಾನ್ಸಿನ ಸ್ವಾಮಿಗಳು ಕಿವಿಗೆ ಬಿದ್ದಂತೆ ಬರೆದಿದ್ದಾರೆ.
ಚೌರಪ್ಪ ಐದು ಥರ. ತೊಮ್ಮಯ್ಯ ಮೂರು.
ಸೂಜಿಕಲ್ಲು ಒಂದು ಪುಟದಲ್ಲೂ ಸೂಜಿಕಲ್ಲಲ್ಲ.

ಹದಿನೆಂಟನೆಯ ಇಸವಿ, ಜ್ವರದ ವರ್ಷ.
ಜ್ಞಾನತಾಯಿಯ ಮನೆಯಲ್ಲಿ ಒಂದೇ ಹೆಸರು ಮೇಲಿಂದ ಕೆಳಗೆ:
ಗೆರ್ತ್ರೂದಿಸ್, ಗೆರ್ತ್ರೂದಿಸ್.
ಅವಳೇ ಗೆರ್ತಮ್ಮ, ಸೂಲಗಿತ್ತಿ.
ಸ್ವಾಮಿಗಳು ದಿಂಬಂ ಘಾಟಿಯ ಕೆಳಗೆ, ಕುದುರೆ ಹತ್ತಿ ಬರಲು ಎರಡು ದಿನ;
ಸಾಯುವ ಕೂಸಿಗೆ ಯಾರು ನೀರು ಹಾಕಿದರೂ ನಡೆಯುತ್ತದೆ.
ಹೊಕ್ಕುಳ ಕೊಯ್ದ ಕೈಯಲ್ಲೇ ಚೊಂಬು ತೆಗೆದುಕೊಂಡು
ಹೆಣ್ಣಾದರೆ ಅಣ್ಣಮ್ಮ ಅಂದಳು,
ಗಂಡಾದರೆ ಜೋಜಪ್ಪ.
ಬೇರೆ ಸಂತರನ್ನು ನೆನೆಯುವಷ್ಟು ಪುರುಸೊತ್ತು
ಕೂಸಿಗೆ ಇರಲಿಲ್ಲ.

ಹಾಗಾಗಿ ಆ ಒಂದೇ ವರ್ಷ
ಹತ್ತೊಂಬತ್ತು ಮಂದಿ ಜೋಜಪ್ಪ.

ಲೂರ್ದಮೇರಿ ಇತ್ತ ಹುಟ್ಟಿನ ಪುಸ್ತಕ ಹಿಡಿದಳು,
ನಾನು ಅತ್ತ ಸಾವಿನದು.
ಅವಳು ಅಪ್ಪನ ಹೆಸರು ಕೂಡಿಸಿಕೊಂಡು ಓದುವುದು, ನಾನು ಹುಡುಕಿ ಹ್ಞೂಂ ಅನ್ನುವುದು.
ಅದೇ ದಿನ. ಮಾರನೆಯ ದಿನ. ಅದೇ ದಿನ.
ಇನ್ನಾಸಪ್ಪನ ಮಗ, ಒಂದು ವಾರ, ಅಬ್ಬಾ ಅನಿಸಿತು.
ಊಟದ ಹೊತ್ತು ಮೀರಿತು, ಯಾರೂ ಹಸಿವು ಅನ್ನಲಿಲ್ಲ.
ಹದಿನೆಂಟು ಹ್ಞೂಂ ಆದವು.

ಹತ್ತೊಂಬತ್ತನೆಯವನು, ಚೌರಪ್ಪ ಮದಲೇನಮ್ಮರ ಮಗ.
ಅವನ ಅಂಚಿನಲ್ಲೂ ಒಬಿಯಿತ್ ಇದೆ.
ಅವಳ ಮುಖ ನೋಡಲಾರದೆ ಮತ್ತೆ ಪುಟವನ್ನೇ ನೋಡಿದೆ:
ಆ ಪದದ ಮೇಲೆ ಅಡ್ಡಗೆರೆ. ಒಂದಲ್ಲ, ಎರಡು.
ಬೇರೆ ಶಾಯಿ, ನೀರು ಬೆರೆಸಿದ್ದು.
ಸ್ವಾಮಿಗಳು ಅಂದು ರಾತ್ರಿ ದೀಪದಲ್ಲಿ
ಎಲ್ಲರದನ್ನೂ ಒಟ್ಟಿಗೆ ಬರೆದು ಮುಗಿಸಿದ್ದರು,
ಒಬ್ಬ ಇನ್ನೂ ಉಸಿರಾಡುತ್ತಿದ್ದ.

ಬಹಳ ಹೊತ್ತು ಸುಮ್ಮನಿದ್ದವಳು ನಕ್ಕಳು.
‘ನಮ್ ಮುತ್ತಾತ ತೊಂಬತ್ತೊಂದು ಬದುಕವ್ನೆ ಕಣಣ್ಣ,
ಸಾಯೋ ಹಿಂದ್ಲ ದಿನಾನೂ ಕೋಳಿ ಕೇಳ್ದ.’

ಅಚ್ಚಾದ ನಮೂನೆಯಲ್ಲಿ ಏಳು ಕಲಂ.
ಹುಟ್ಟು, ತಂದೆ, ತಾಯಿ, ಜ್ಞಾನಸ್ನಾನ, ಕೊನೆಗೆ ಷರಾ.
ಷರಾದಲ್ಲಿ ಒಬಿಯಿತ್ ಬರೆದೆ, ಅದರ ಮೇಲೆ ಎರಡು ಗೆರೆ ಎಳೆದೆ.
ತಿದ್ದಿದ ಪತ್ರ ನಡೆಯುವುದಿಲ್ಲ ಎಂದು
ಕಚೇರಿಯವರು ವಾಪಸು ಕಳಿಸಬಹುದು.
ಬೇರೆ ನಮೂನೆಯಲ್ಲಿ ಷರಾ ಖಾಲಿ ಬಿಟ್ಟು
ಎರಡಕ್ಕೂ ಮೊಹರು ಹಾಕಿದೆ. ಯಾವುದು ಕೊಡುತ್ತಾಳೋ.

ಸಂಜೆ ಬಸ್ಸು ಕೂಗಿತು, ಹೋದಳು.

ಗೆರ್ತಮ್ಮನದು ಎಲ್ಲೂ ಸಿಕ್ಕಿಲ್ಲ,
ಬಂದದ್ದೂ ಇಲ್ಲ, ಹೋದದ್ದೂ ಇಲ್ಲ.
ಬಂದದ್ದು ಆ ಇಟ್ಟಿಗೆಯ ಒಳಗಿರಬಹುದು.
ಚಾಕುವಿನ ತುದಿ ಅಂಚಿಗಿಟ್ಟು ನೋಡಿದೆ, ಪುಡಿ ಉದುರಿತು.
ಬಟ್ಟೆ ಸುತ್ತಿ ಬೀರುವಿಗೆ ಇಟ್ಟುಬಿಟ್ಟೆ.
ಫಾದರ್ ಕೇಳಿದರೆ ಗೆದ್ದಲು ಅನ್ನುತ್ತೇನೆ.