ಕೋಣೆಯ ಸದ್ದು

ಎಮೆಟೇರಿಯಾಳ ಅಡುಗೆಮನೆ. ಕಿಟಕಿಗೆ ಕಂಬಳಿ ಬಿಗಿದು
ಮೈಕಿಗೆ ತನ್ನ ಹಳೇ ಕಾಲುಚೀಲ ತೊಡಿಸಿ
ಹಿಲಾರಿಯಾ ಅಂದಳು: "ಎದುರಿಗೆ ಬೇಡಜ್ಜಿ, ಚೂರು ಓರೆಗೆ ಮಾತಾಡು.
ನಿನ್ನ 'ಪ' ಒಂದೊಂದೂ ಗಣಿಯ ಸಿಡಿಮದ್ದು."

ಅಜ್ಜಿ ನಕ್ಕಳು. ಹೇಳಿದಳು:
ಒಳಗಿಳಿದವನು, ಮುಷ್ಕರ, ಸೂಪಿಗೆ ಆಲೂ ಇಲ್ಲದ ಚಳಿ.

"ಇನ್ನು ಮೂವತ್ತು ಸೆಕೆಂಡು
ಯಾರೂ ಉಸಿರೆತ್ತಬೇಡಿ, ಕೋಣೆ ಮಾತಾಡಲಿ."
ಕೆಟಲಿನ ಗುನುಗು. ತಗಡಿನ ಮೇಲೆ ಗಾಳಿ.

ರಾತ್ರಿ, ಪೊಟೊಸಿಯ ಸ್ಟುಡಿಯೋ, ಗೋಡೆತುಂಬ ಮೊಟ್ಟೆಯ ಟ್ರೇ.
ಕೆಮ್ಮು ಕತ್ತರಿಸಿ, ಬಿಕ್ಕು ಕತ್ತರಿಸಿ
ತೂತುಗಳಿಗೆಲ್ಲ ಆ ಮೌನವನ್ನೇ ತೇಪೆ ಹಾಕಿದಳು.
ಹೊಲಿಗೆ ಯಾರಿಗೂ ಕಾಣದು.

ಆರಕ್ಕೆ ಪ್ರಸಾರ. ಏಳಕ್ಕೆ ಅಜ್ಜಿ ಬಾಗಿಲಲ್ಲಿ:
"ಅವನ ಹೆಸರು ಹೇಳಿ ಅತ್ತಿದ್ದೆನಲ್ಲ,
ಅಲ್ಲಿ ನನ್ನ ಕೆಟಲು ಗುನುಗುತ್ತಿದೆ."

ಆಮೇಲೆ, ಶಾಲು ಸರಿಮಾಡಿಕೊಳ್ಳುತ್ತ:
"ಇರಲಿ ಬಿಡು.
ಅದೂ ಅವನೇ ತಂದುಕೊಟ್ಟಿದ್ದು."