ಆರು ಸಾಕು

ಅಂಗಡಿಯ ಗಾಜಿಗೆ ನಾನೊಂದು ರಟ್ಟು ಅಂಟಿಸಿ
ಹದಿನೆಂಟು ವರ್ಷವಾಯಿತು: ‘ಆರು ಮೆಗಾಪಿಕ್ಸೆಲ್ ಸಾಕು.’
ಕುಶಿರೊ ಬಂದರಿನ ಮಂಜು ಅದರ ಅಂಚನ್ನು ಮೆತ್ತಗಾಗಿಸಿದೆ,
ಮಾತನ್ನಲ್ಲ.

ಹಳೆಯ ಕ್ಯಾಮೆರಾ ಮಾರುವವನು ನಾನು, ಸಂಖ್ಯೆ ಮಾರುವವನಲ್ಲ.
ಬಂದವರು ಮೊದಲು ಕೇಳುವುದೇ ಎಷ್ಟು ಎಂದು,
ಗಂಡು ನೋಡಲು ಬಂದವರು ಸಂಬಳ ಕೇಳುವ ಹಾಗೆ.
ಇಪ್ಪತ್ನಾಲ್ಕೇ? ಮೂವತ್ಮೂರೇ? ನಲವತ್ತೈದು ಇಲ್ಲವೇ?
ಮನೆಗೆ ಹೋಗಿ ಅಂಗೈಯಷ್ಟು ಫೋನಿನಲ್ಲಿ ನೋಡುತ್ತಾರೆ,
ಅಂಚೆ ಕಾರ್ಡಿನಷ್ಟು ಅಚ್ಚು ಹಾಕಿಸುತ್ತಾರೆ,
ಅದೂ ಫ್ರಿಜ್ಜಿನ ಬಾಗಿಲಿಗೆ, ಮೂಲಂಗಿ ಆಕಾರದ ಅಯಸ್ಕಾಂತದ ಕೆಳಗೆ.

ಆಗ ನಾನು ಮಳೆಯ ಲೆಕ್ಕ ತೆಗೆಯುತ್ತೇನೆ.
ಅಂಗಳ ಇರುವುದೇ ಇಷ್ಟು. ಇಷ್ಟರಲ್ಲೇ ಆರು ಹಂಡೆ ಇಡಬಹುದು,
ಇಲ್ಲವೇ ಒತ್ತೊತ್ತಾಗಿ ಒಳಲೆಗಳನ್ನು ಜೋಡಿಸಬಹುದು.
ಧೋ ಎಂದು ಸುರಿದರೆ ಎಲ್ಲವೂ ತುಂಬುತ್ತವೆ, ಜಗಳವಿಲ್ಲ.
ತುಂತುರಿನ ಸಂಜೆಯಲ್ಲಿ
ಹಂಡೆಯ ತಳದಲ್ಲಿ ಬೊಗಸೆ ನೀರಾದರೂ ಸಿಕ್ಕೀತು;
ಒಳಲೆಗಳಲ್ಲಿ ಒಂದಕ್ಕೆ ಎರಡು ಹನಿ, ಪಕ್ಕದ್ದು ಒಣ.
ಆ ಏರುಪೇರೇ ನಿಮ್ಮ ಚಿತ್ರದಲ್ಲಿ ಮರಳು ಮರಳಾಗಿ ಕಾಣುವುದು.
ಬೆಳಕೂ ಹಾಗೇ. ಅಂಗಳ ದೊಡ್ಡದು ಮಾಡಿಕೊಳ್ಳಿ,
ಒಳ್ಳೆಯ ಗಾಜು ಕೊಳ್ಳಿ, ಕೈ ನಡುಗದಿರಲಿ.
ನಡುಗಿತೋ, ಅದಕ್ಕೆ ನಾಲ್ಕೂವರೆ ಕೋಟಿ ಸಾಕ್ಷಿಗಳು.
ಇನ್ನು ಈ ಊರಿನ ಮಂಜು:
ಎಷ್ಟು ಚೂರು ಮಾಡಿದರೂ ಪ್ರತಿ ಚೂರೂ ಮಂಜೇ.

ಈ ಮಾತಿಗೆ ಜನ ನಗುತ್ತಾರೆ. ನಕ್ಕವರು ಕೊಳ್ಳುತ್ತಾರೆ.

ಫುಸಾಕೊ ನಗಲಿಲ್ಲ.
ಫೆಬ್ರವರಿಯ ಮಂಗಳವಾರ, ಬೂಟಿನ ಹಿಮ ಕೊಡವಿ ಒಳಬಂದಳು.
ಮೀನು ಡಬ್ಬಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ
ತಲೆ ಬಾಲ ಕತ್ತರಿಸಿದ ಕೈ; ಕೇಳಿದ್ದೂ ಕತ್ತರಿಸುವುದನ್ನೇ.
‘ಚಿತ್ರದ ಒಂದು ಮೂಲೆಯನ್ನಷ್ಟೇ ಕತ್ತರಿಸಿ
ದೊಡ್ಡದು ಮಾಡಿದರೆ, ಎಷ್ಟಿದ್ದರೆ ಉಳಿಯುತ್ತದೆ?’
‘ಕತ್ತರಿಸುವುದೇಕೆ?’ ಎಂದೆ, ಹದಿನೆಂಟು ವರ್ಷದ ಅಭ್ಯಾಸ,
‘ಹತ್ತು ಹೆಜ್ಜೆ ಮುಂದೆ ಹೋಗಿ. ಪುಕ್ಕಟೆ.’

ಆಕೆ ಪರ್ಸಿನಿಂದ ಮೆಮೊರಿ ಕಾರ್ಡೊಂದನ್ನು ತೆಗೆದಳು,
ಹಳೆಯ ಕಾಲದ್ದು, ಬಿಸ್ಕತ್ತಿನಷ್ಟು.
ಅದನ್ನು ಓದುವ ಯಂತ್ರ ಈ ಬೀದಿಯಲ್ಲಿ ನನ್ನೊಬ್ಬನ ಬಳಿ ಇದೆ.
ಎರಡು ಮೆಗಾಪಿಕ್ಸೆಲ್ಲಿನ ಒಂದು ಬೆಳಗು ತೆರೆಯಿತು:
ಕಟ್ಟೆ, ಜನ, ಹಳದಿ ಕೆಂಪು ಕಾಗದದ ಸುರುಳಿಗಳು
ಕೈಗಳಿಂದ ಹಡಗಿಗೆ ಬಿಗಿದು, ಕೆಲವು ಆಗಲೇ ಹರಿದು;
ಸಾನ್ಮಾ ಮೀನಿಗೆ ಹೊರಟ ಹಡಗಿನ ಹಿಂಬದಿಯ ಕಟಕಟೆಯಲ್ಲಿ
ಏಳು ಜನ. ಬಲಗಡೆಯ ಕೊನೆಯವನು.
‘ಟೊಕುಜಿ,’ ಎಂದಳು, ಪರಿಚಯ ಮಾಡಿಸುವಂತೆ.

ದೊಡ್ಡದು ಮಾಡಿದೆ. ಇನ್ನೂ. ಇನ್ನೂ.
ಮುಖವಿರಬೇಕಾದಲ್ಲಿ ಒಂಬತ್ತು ಚೌಕ,
ಮೂರರಂತೆ ಮೂರು ಸಾಲು,
ಬಚ್ಚಲಿನ ನೆಲದ ಹಾಗೆ.

‘ಹತ್ತು ಹೆಜ್ಜೆ ಅಂದಿರಲ್ಲ,’ ಎಂದಳು. ‘ನಡುವೆ ನೀರಿತ್ತು.’

ಸ್ಟೌವಿನ ಮೇಲೆ ಕೆಟಲ್ಲು ಕುದಿಯುತ್ತಿತ್ತು. ಆರಿಸಲು ಎದ್ದೆ,
ಆರಿಸದೆ ಕುಳಿತೆ.
ಕೇಳಬಾರದಿತ್ತು, ಕೇಳಿದೆ: ‘ಈಗ ಹಡಗಿನಲ್ಲಿ ಯಾರಿದ್ದಾರೆ?’
‘ಯಾರೂ ಇಲ್ಲ. ಕೆಂಪು ನೆತ್ತಿಯ ಕ್ರೌಂಚಗಳಿಗೆ ಬೇಕು.
ಜೋಡಿಯಾಗಿ ಕುಣಿಯುತ್ತವೆ. ಬೇಲಿ ದಾಟಲು ಬಿಡುವುದಿಲ್ಲ.’

ನಲವತ್ತೈದರದ್ದನ್ನೇ ಕೊಟ್ಟೆ, ಮೂಲೆಯಲ್ಲಿ ಗೀರು ಬಿದ್ದದ್ದು.
ಟ್ರೈಪಾಡ್ ಬೇಕೇ ಬೇಕು ಎಂದೆ.
‘ನನ್ನ ಕೈ ನಡುಗುವುದಿಲ್ಲ.’
ಆ ಕೈ ನೋಡಿದೆ. ನಿಜ.

ರಾತ್ರಿ ರಟ್ಟು ಕಿತ್ತು ಮೇಜಿನ ಮೇಲಿಟ್ಟು
‘ಆರು ಸಾಕು’ ಎಂಬುದರ ಕೆಳಗೆ ಬರೆದೆ:
ಹತ್ತಿರ ಹೋಗಬಲ್ಲವರಿಗೆ.
ಅಕ್ಷರ ಸಣ್ಣದಾಯಿತು. ರಸ್ತೆಯಿಂದ ಕಾಣುವುದಿಲ್ಲ.

ಒಂಬತ್ತರಲ್ಲಿ ಕೆಳಸಾಲಿನ ನಡುವಿನ ಚೌಕ ಬಿಳಿ.
‘ನಗುತ್ತಿದ್ದಾರೆ, ನೋಡಿ,’ ಎಂದಿದ್ದಳು, ಹೊರಡುವಾಗ, ತೆರೆಗೆ ಬೆರಳು ತಾಗಿಸಿ.
ಹಡಗಿನವರೆಲ್ಲ ಕುತ್ತಿಗೆಗೆ ಬಿಳಿ ಟವೆಲ್ಲು ಸುತ್ತಿಕೊಳ್ಳುತ್ತಾರೆ.
ಹೌದು, ಎಂದೆ.
ಹಲ್ಲು ಕಾಣುತ್ತಿದೆ.