ಎಡವಟ್ಟು

ಅಡುಗೆಮನೆಯ ನೆಲಕ್ಕೆ ಹಾಸಿದ್ದ ಲಿನೋಲಿಯಂ
ಒಲೆಯ ಪಕ್ಕದಲ್ಲಿ ಮೊಳದುದ್ದ ಕಾಣೆಯಾಗಿದೆಯೆಂದು
ಕ್ವಿಡೊ ಹ್ರಬಾನೆಕ್‌ನ ತಾಯಿ ಬೀದಿಗೆಲ್ಲ ಕೇಳುವಂತೆ ಬೈದಳು.
ಅದೇ ತುಂಡಿನಲ್ಲಿ ಅವನು ನಮ್ಮ ಜಿಷ್ಕೊವ್ ಕೆತ್ತಿದ:
ಮೇಲೆ ಬೀದಿ, ಕೆಳಗೆ ಸಿನೆಮಾದ ಕತ್ತಲು.

ನಾನಾಗ ಆ ಕತ್ತಲಲ್ಲಿ ಟಾರ್ಚ್ ಹಿಡಿಯುವವಳು.
ಮಂಗಳವಾರ ಮಂಗಳವಾರ ಅಗ್ಗದ ಸೀಟಿಗೆ ಬಂದು
ಪರದೆಗೆ ಬೆನ್ನು ಹಾಕಿ ಕೂರುತ್ತಿದ್ದ.
ನೋಡುವವರ ಮುಖ ಬೇಕಂತೆ ಅವನಿಗೆ:
ಕಲ್ಲಿದ್ದಲ ಗಾಡಿಯವನ ಮೂಗು,
ಟೋಪಿ ಹೊಲಿಯುವವಳ ಕೆನ್ನೆಯಲ್ಲಿ ಜಾರುವ
ಬೇರೆ ಯಾವುದೋ ಊರಿನ ಬೆಳದಿಂಗಳು.

‘ಬಿಡಿಸುವುದೇನಿಲ್ಲ, ಆಪೊಲೆನಾ,
ಬೆಳಕಿದ್ದಲ್ಲಿ ಕೆತ್ತಿ ಬಿಸಾಡಬೇಕು,
ಉಳಿದದ್ದು ತಾನಾಗಿ ಕತ್ತಲು.’
ನನ್ನ ಟಾರ್ಚಿನ ಪಾಲಿಗೆ ಬಂದದ್ದು
ಉಳಿಮೊನೆಯ ಒಂದೇ ಒಂದು ಚುಚ್ಚು.

ಬಟ್ಟೆ ಹಿಂಡುವ ಉರುಳೆಗಳ ನಡುವೆ ಒತ್ತಿ
ಕಾಗದ ಸುಲಿದು ಎತ್ತಿದ. ನಕ್ಕುಬಿಟ್ಟೆ.
ಬಿಯೊ ಎಂಬ ದೀಪದ ಬೋರ್ಡು ಹಿಂದುಮುಂದು;
ಎಡಬದಿಯ ಟ್ರಾಮು, ಕುದುರೆಬಂಡಿ,
ಬ್ರೆಡ್ಡಿನ ಹುಡುಗನ ಸೈಕಲ್ಲು ಎಲ್ಲ ಬಲಬದಿಗೆ.
ಕನ್ನಡಿ ನೋಡಿ ಕೆತ್ತಬೇಕೆಂಬುದನ್ನೇ ಮರೆತಿದ್ದಾನೆ ಮಹಾಶಯ!
‘ಎಂಥ ಎಡವಟ್ಟೋ, ಎಡವೆಲ್ಲ ಬಲವಾಯಿತಲ್ಲ.’
ಹನ್ನೆರಡು ಪ್ರತಿ. ಒಂದೂ ಮಾರಲಿಲ್ಲ.
ಒಂದು ನನಗೆ,
ಟಿಕೆಟ್ಟಿಲ್ಲದೆ ಒಳಬಿಟ್ಟ ಮಂಗಳವಾರಗಳ ಬಾಬ್ತು.

ಆಮೇಲೆ ಚಿತ್ರಗಳಿಗೆ ಮಾತು ಬಂತು,
ಪಿಯಾನೊದ ಮುದುಕನಿಗೆ ಕೆಲಸ ಹೋಯಿತು.
ಕ್ವಿಡೊ ಕೆಮ್ಮಿ ಕೆಮ್ಮಿ ಮೂವತ್ನಾಲ್ಕರಲ್ಲಿ ಹೋದ.
ತಾಯಿ ಆ ತುಂಡನ್ನು ಒಲೆಯ ಪಕ್ಕ ಮತ್ತೆ ಮೊಳೆ ಹೊಡೆದು ಕೂರಿಸಿದಳು,
ಮುಖಗಳೆಲ್ಲ ಮೇಲಾಗಿ.

ಮೂವತ್ತೊಂಬತ್ತರ ಮಾರ್ಚ್. ಹಸಿ ಹಿಮ.
ಬಲವಿದ್ದವರು ಬಂದರು,
ಇನ್ನು ಎಲ್ಲರೂ ಬಲಕ್ಕೆ ಎಂದು ಗೋಡೆಗೋಡೆಗೆ ಅಂಟಿಸಿದರು.
ಬೀದಿ ದಾಟಲು ನಿಂತ ಅಜ್ಜಿಯರು
ಅಭ್ಯಾಸಬಲದಿಂದ ತಪ್ಪು ಕಡೆ ತಲೆ ತಿರುಗಿಸಿ
ಬೈಸಿಕೊಳ್ಳುತ್ತಿದ್ದರು.

ಮನೆಗೆ ಬಂದು ಚಿತ್ರ ಬಿಚ್ಚಿದೆ.
ಟ್ರಾಮು ಸರಿ, ಬಂಡಿ ಸರಿ, ಸೈಕಲ್ಲೂ ಸರಿ.
ಬೋರ್ಡೊಂದನ್ನು ಮಾತ್ರ ಈಗಲೂ ಓದಲಾಗದು.

ಮರುದಿನ ಉಪ್ಪಿನ ನೆವ ಮಾಡಿಕೊಂಡು
ಹ್ರಬಾಂಕೊವಾಳ ಬಾಗಿಲು ತಟ್ಟಿದೆ.
ಒಲೆಯ ಪಕ್ಕ, ಆಲೂಗಡ್ಡೆ ಸಿಪ್ಪೆಯ ಅಡಿ,
ಸವೆದ ಮುಖಗಳ ಮೇಲುಗಡೆ
ನೆಟ್ಟಗೆ ಓದಬಹುದಿತ್ತು: ಬಿಯೊ.
ಟ್ರಾಮು ಎಡಬದಿಗೇ ಹೋಗುತ್ತಿತ್ತು.
ನನ್ನ ಟಾರ್ಚಿನ ಚುಚ್ಚಿನೊಳಗೆ
ಮೈದಾಹಿಟ್ಟು ತುಂಬಿ ಬೆಳ್ಳಗಾಗಿತ್ತು.

ಮುದುಕಿ ತಲೆಯೆತ್ತದೆ ಹೇಳಿದಳು:
‘ಹೊರಗೆ ಕೊಚ್ಚೆ. ಕಾಲೊರೆಸಿಕೊಂಡು ಬಾ.’